ಬೇರಿನಿಂದ ಕಾಯಿಯವರೆಗೆ ಒಂದೇ ಬಳ್ಳಿ

ಗಿಡಮರಗಳ ವರ್ಗೀಕರಣವನ್ನೇ ಬದುಕಾಗಿಸಿಕೊಂಡವರಲ್ಲಿ ಹೊಸ ಹೆಸರುಗಳನ್ನು ಇಟ್ಟು ಖ್ಯಾತರಾದವರು ಅನೇಕರಿದ್ದಾರೆ. ತಾವೇ ಇಟ್ಟ ಹೆಸರನ್ನು ತಾವೇ ಹಿಂದಕ್ಕೆ ಪಡೆದು, ಅದರಿಂದಲೇ ಹಿರಿಯರೆನಿಸಿಕೊಂಡವರು ವಿರಳ. ಈ ತಿಂಗಳು ಸಸ್ಯಸಂಗ್ರಹಾಲಯದ ಸೇವೆಯಿಂದ ನಿವೃತ್ತರಾಗುತ್ತಿರುವ, ಮೂರು ತಲೆಮಾರಿನ ವಿದ್ಯಾರ್ಥಿಗಳ ಬಾಯಲ್ಲಿ ‘ಎಲೆ ಮೇಷ್ಟ್ರು’ ಎಂದೇ ನೆಲೆಸಿರುವ ಈ ಮಹನೀಯರು ಆ ವಿರಳರ ಸಾಲಿಗೆ ಸೇರಿದವರು.

ದನಕರು ತುಂಬಿದ ಮನೆಯಲ್ಲಿ ಹುಟ್ಟಿದ ಅವರಿಗೆ ಸಸ್ಯಶಾಸ್ತ್ರದ ಮೊದಲ ಪಾಠವಾದದ್ದು ಮೇವಿನ ಹೊರೆಯಲ್ಲಿ. ಎಮ್ಮೆ ಮೂಸಿ ಬಿಟ್ಟ ಹುಲ್ಲು ಯಾವುದು, ಚಪ್ಪರಿಸಿ ತಿಂದದ್ದು ಯಾವುದು ಎಂದು ನೋಡುತ್ತ ಬೆಳೆದ ಹುಡುಗ, ಓದು ಮುಗಿಸಿ ಸಂಗ್ರಹಾಲಯಕ್ಕೆ ಸಹಾಯಕನಾಗಿ ಬಂದಾಗ, ನುಸಿಗುಳಿಗೆಯ ವಾಸನೆಯ ಆ ಉದ್ದನೆಯ ಕೋಣೆಯನ್ನೂ ಕಬ್ಬಿಣದ ಬೀರುಗಳ ಸಾಲನ್ನೂ ಕಂಡು ಇದೂ ಒಂದು ದೊಡ್ಡ ಹುಲ್ಲಿನ ಬಣವೆಯೇ ಎಂದುಕೊಂಡರಂತೆ. ಆಗ ಅಲ್ಲಿಯ ಮುಖ್ಯಸ್ಥರಾಗಿದ್ದ ಗುರುಗಳು ಕೈಗೆ ಸೂಜಿದಾರ ಕೊಟ್ಟು, ಒಣಗಿದ ಗಿಡವನ್ನು ಹಾಳೆಗೆ ಹೊಲಿಯುವುದನ್ನು ಪಕ್ಕದಲ್ಲೇ ಕೂತು ಕಲಿಸಿದರು. ಊರಿಂದ ಬಂದ ಹೊಸದರಲ್ಲಿ ಬಾಡಿಗೆ ಕೋಣೆ ಸಿಗುವ ತನಕ ತಮ್ಮ ಮನೆಯ ಹಿತ್ತಿಲ ಕೋಣೆಯನ್ನೇ ಬಿಟ್ಟುಕೊಟ್ಟರು.

ಆ ಋಣಕ್ಕೆ ಏನಾದರೂ ಮಾಡಬೇಕೆಂಬ ಹಂಬಲ ಮೇಷ್ಟ್ರಿಗೆ ಬಹಳ ದಿನದಿಂದಿತ್ತು. ಗುರುಗಳು ನಿವೃತ್ತರಾಗುವ ವರ್ಷ, ಬಂಡೆಯ ಸಂದಿಯೊಂದರಲ್ಲಿ, ಅತ್ತಿಯ ಕುಟುಂಬಕ್ಕೆ ಸೇರಿದ ಬಳ್ಳಿಯೊಂದು ಮೇಷ್ಟ್ರ ಕಣ್ಣಿಗೆ ಬಿತ್ತು. ಉಗುರಿನಷ್ಟೇ ಅಗಲದ ತೆಳು ಎಲೆಗಳು ಕಲ್ಲಿಗೆ ಅಂಟಿಸಿದಂತೆ ಹರಡಿದ್ದವು. ಬೀರುಗಳನ್ನೆಲ್ಲ ಜಾಲಾಡಿದರೂ ಅಂಥ ಎಲೆಯ ಇನ್ನೊಂದು ಮಾದರಿ ಸಿಗಲಿಲ್ಲ. ಹೂವಿಗಾಗಿ, ಕಾಯಿಗಾಗಿ ಮತ್ತೆ ಮತ್ತೆ ಹೋಗಿ ಬಂದರು, ಬಳ್ಳಿ ಕೊಡಲಿಲ್ಲ. ಸಮಾರಂಭದ ದಿನವಂತೂ ಹತ್ತಿರ ಬರುತ್ತಿತ್ತು. ಕೊನೆಗೆ ಬರಿಯ ಎಲೆಯನ್ನೇ ನಂಬಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಗುರುಗಳ ಹೆಸರನ್ನೇ ಅದಕ್ಕಿಟ್ಟು, ವೇದಿಕೆಯ ಮೇಲೆ ಘೋಷಿಸಿ, ಕುಂಡದಲ್ಲಿ ನೆಟ್ಟ ಅದರ ತುಂಡೊಂದನ್ನು ಅವರ ಕೈಗಿತ್ತುಬಿಟ್ಟರು. ಶಾಲು, ಫಲಕಗಳನ್ನೆಲ್ಲ ಮಕ್ಕಳ ಕೈಗೆ ಕೊಟ್ಟ ಗುರುಗಳು ಆ ಬಳ್ಳಿಯ ಕುಂಡವನ್ನು ಮಾತ್ರ ತಾವೇ ಹಿಡಿದುಕೊಂಡು ಮನೆಗೆ ಹೋದರು.

ಮನೆಯ ಹಿಂಗೋಡೆಯ ಬುಡದಲ್ಲಿ ಅದು ಬೇರೂರಿತು. ಬಂದವರಿಗೆಲ್ಲ ಗುರುಗಳು, “ಇದೇ ನಾನು, ನೋಡಿ” ಎಂದು ತೋರಿಸುತ್ತಿದ್ದರು. ಅವರ ಸೊಸೆ ತಮಾಷೆಯ ಹೆಣ್ಣುಮಗಳು. “ಮಾವ ಗೋಡೆ ಹತ್ತಿ ಆಯ್ತು, ಈಗ ಅಡುಗೆಮನೆ ಕಿಟಕಿ ಒಳಗೂ ಇಣುಕ್ತಾ ಇದಾರೆ. ಉಪ್ಪು ಜಾಸ್ತಿ ಹಾಕೋ ಹಾಗಿಲ್ಲ” ಎಂದು ಮೇಷ್ಟ್ರ ಮುಂದೆ ದೂರುತ್ತಿದ್ದರು.

ವರ್ಷಗಳು ಸಂದವು, ಮೇಷ್ಟ್ರು ಗುರುಗಳ ಸ್ಥಾನಕ್ಕೇ ಬಂದರು. ಅವರ ಬಳಿ ಕಲಿತವರು ಮರೆಯದ ಪ್ರಸಂಗವೊಂದುಂಟು. ಪ್ರವಾಸದಲ್ಲಿ ಕಿತ್ತ ಗಿಡಗಳನ್ನು ಒತ್ತಿ ಒಣಗಿಸುವ ಕಾಗದ ಬದಲಿಸಲು ಮರೆತು, ಅಷ್ಟನ್ನೂ ಕಪ್ಪಗೆ ಕೊಳೆಸಿ ತಂದ ವಿದ್ಯಾರ್ಥಿನಿಯೊಬ್ಬಳು ಅಳುತ್ತ ನಿಂತಾಗ, ಅವರು ಗದರಲಿಲ್ಲ. ಆ ಕಪ್ಪು ಹಾಳೆಗಳನ್ನೇ ಮೇಜಿನ ಮೇಲೆ ಹರಡಿ, “ಬಣ್ಣ ಹೋದ್ರೂ ಕುಲ ಹೋಗಿಲ್ಲಮ್ಮ, ಬಾ” ಎಂದು ಹೂವಿನ ಒಳಗನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಎಲೆ ದಿನದ ಬದುಕಿಗೆ ತಕ್ಕಂತೆ, ನೆರಳಿಗೊಂದು ಬಿಸಿಲಿಗೊಂದು ರೂಪ ತಾಳಬಹುದು. ಹೂವು, ಕಾಯಿಗಳಾದರೋ ಲಕ್ಷಾಂತರ ವರ್ಷಗಳ ವಿಕಾಸದ ಹಾದಿಯಲ್ಲಿ ಪೂರ್ವಿಕರಿಂದ ಬಂದ ಗುರುತನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಆದ್ದರಿಂದ ನಂಟು ಹುಡುಕುವವರು ಅಲ್ಲಿ ಹುಡುಕಬೇಕು ಎಂಬುದು ಅವರ ಮೊದಲ ಪಾಠ.

ಆ ಪಾಠ ಅವರ ಬುಡಕ್ಕೇ ಬಂದದ್ದು ಒಂದು ಭಾನುವಾರ. ಗುರುಗಳ ಸೊಸೆ ಕಾಫಿಯ ಜೊತೆಗೆ ತಟ್ಟೆಯೊಂದನ್ನು ಮುಂದಿಟ್ಟು, “ಮೇಲೆ ನೀರಿನ ತೊಟ್ಟಿ ಹತ್ರ ಬಿದ್ದಿತ್ತು ಅಣ್ಣ. ಇದ್ಯಾವ ಕಾಯಿ?” ಎಂದರು. ದಪ್ಪ ಎಲೆಯ ರೆಂಬೆ, ಅದರಲ್ಲಿ ಹಸಿರು ಕಾಯಿ. ಮೇಷ್ಟ್ರು ಮಾಳಿಗೆ ಹತ್ತಿ ನೋಡಿದರು. ಗೋಡೆ ಮುಗಿದು ಬಿಸಿಲು ಸಿಕ್ಕಲ್ಲಿ ಬಳ್ಳಿ ಗೋಡೆಯ ಹಂಗು ಬಿಟ್ಟು ಗಾಳಿಗೆ ಕೊಂಬೆ ಚಾಚಿ, ಅಂಗೈಯಗಲದ ಎಲೆ ಬಿಟ್ಟಿತ್ತು. ಆ ಎಲೆ, ಆ ಕಾಯಿ ಅವರು ಕಾಣದವಲ್ಲ. ನೂರು ವರ್ಷದ ಹಿಂದೆಯೇ ಬೇರೆಯವರು ಹೆಸರಿಟ್ಟು, ಅವರದೇ ಕೋಣೆಯ ಇನ್ನೊಂದು ಬೀರುವಿನಲ್ಲಿ ಮಲಗಿದ್ದ ಬಳ್ಳಿ ಅದು. ಕೈಗೆಟುಕಿದ್ದನ್ನು ಕಿತ್ತ ಮೇಷ್ಟ್ರು ಎಳೆಯದನ್ನು ಕಂಡಿದ್ದರು, ಮರದ ತುದಿಯಿಂದ ಉದುರಿದ್ದನ್ನು ಹೆಕ್ಕಿದ ಹಿಂದಿನವರು ಬಲಿತದ್ದನ್ನು. ಎರಡೂ ಒಂದೇ ಎಂದು ಯಾರಿಗೂ ಹೊಳೆದಿರಲಿಲ್ಲ. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಶಾಸ್ತ್ರದ ನಿಯಮ. ಅಂದರೆ ಗುರುಗಳ ಹೆಸರು ಹೋಗಬೇಕು.

ಕಾಯಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದರು. ಕೆಲವು ವಾರ ಆ ಬೀದಿಯ ಕಡೆಗೇ ಸುಳಿಯಲಿಲ್ಲ. ಎಂಬತ್ತು ದಾಟಿದ ಜೀವ, ಇನ್ನೆಷ್ಟು ದಿನ, ಆಮೇಲೆ ಬರೆದರಾಯಿತು ಎಂದು ಸ್ನೇಹಿತರು ಹೇಳಿದ್ದೂ ಉಂಟು. ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಕೊನೆಗೆ ಹೋಗಿ, ಕಾಲ ಬಳಿ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಿದರು.

ಗುರುಗಳ ಮುಖ ಸಣ್ಣದಾಯಿತು. “ಕೊಟ್ಟವನೇ ಕಿತ್ಕೊಳ್ಳೋಕೆ ಬಂದಿದೀಯೇನಯ್ಯಾ? ನಾನು ಹೋಗೋ ತನಕ ತಡೀಬಹುದಿತ್ತಲ್ಲ.”

“ನೀವು ಹೋದ ಮೇಲೆ ಮಾಡಿದ್ರೆ ನಿಮ್ಮ ಬೆನ್ನ ಹಿಂದೆ ಮಾಡಿದ ಹಾಗಾಗ್ತಿತ್ತು, ಗುರುಗಳೇ.”

ಮುದುಕರು ಗೋಡೆಯ ಬಳ್ಳಿಯತ್ತ ತಿರುಗಿದರು. ಆಮೇಲೆ ಅವರೊಳಗಿನ ಹಳೆಯ ಮುಖ್ಯಸ್ಥರು ಎದ್ದು ಕೂತರು. “ಎರಡು ಬಳ್ಳಿ ಹೆಣೆದುಕೊಂಡಿರಬಹುದು. ಒಂದೇ ಕಾಂಡ ಅಂತ ತೋರಿಸು. ಬಿಡಿಸು ಅದನ್ನ.”

“ಗೋಡೆ ಗಾರೆ ಕಿತ್ತು ಬಂದ್ರೆ ಇಬ್ಬರೂ ವಿಜ್ಞಾನಿಗಳೇ ಮೆತ್ತಿ ಕೊಡಬೇಕು ಮತ್ತೆ” ಎಂದು ಸೊಸೆ ಏಣಿ ತಂದಿಟ್ಟರು.

ಇಡೀ ದಿನ ಮೇಷ್ಟ್ರು ಏಣಿಯ ಮೇಲಿದ್ದರು. ಗುರುಗಳು ಕೆಳಗೆ ಕುರ್ಚಿಯಲ್ಲಿ ಕುಳಿತು, “ಎಳೀಬೇಡ, ತುಂಡಾದ್ರೆ ಸಾಕ್ಷಿ ಕೆಟ್ಟಿತು” ಎಂದು ಗದರುತ್ತಿದ್ದರು. ಬಿಡಿಸಿದ ಬಳ್ಳಿಯನ್ನು ಅಂಗಳದುದ್ದಕ್ಕೂ ಹಾಸಿದಾಗ, ಅವರು ಬಗ್ಗಿ ಬೇರಿನ ಬಳಿ ಹೆಬ್ಬೆರಳನ್ನಿಟ್ಟು, ಕಾಂಡವನ್ನು ಬಿಡದೆ, ಹೆಜ್ಜೆ ಹೆಜ್ಜೆಗೂ ನಿಂತು ದಣಿವಾರಿಸಿಕೊಳ್ಳುತ್ತ, ಸಣ್ಣೆಲೆಯಿಂದ ದೊಡ್ಡೆಲೆಗೆ, ಅಲ್ಲಿಂದ ಕಾಯಿಯ ತೊಟ್ಟಿಗೆ ಬಂದು ಮುಟ್ಟಿದರು. ಎಲ್ಲೂ ಬೆರಳು ಎತ್ತಬೇಕಾಗಲಿಲ್ಲ.

“ಒಂದೇ” ಎಂದರು. ಸೊಂಟ ನೆಟ್ಟಗೆ ಮಾಡಿ, “ಬರಿ. ನನಗೆ ನೋವಾಗುತ್ತೆ ಅಂತ ಸುತ್ತಿ ಬಳಸಿ ಬರೀಬೇಡ” ಎಂದರು. ನೋವಾಗಿರಲಿಲ್ಲವೆಂದಲ್ಲ, ಒಂದೆರಡು ತಿಂಗಳು ಅವರ ಮಾತು ಕಡಿಮೆಯೇ ಆಗಿತ್ತು. ಆದರೆ ಲೇಖನದ ಕರಡನ್ನು ತಾವೇ ತರಿಸಿಕೊಂಡು, ಮೆದುವಾಗಿದ್ದ ವಾಕ್ಯಗಳನ್ನೆಲ್ಲ ಹೊಡೆದುಹಾಕಿ ಕಳುಹಿಸಿದರು. ಇಬ್ಬರ ಹೆಸರಿನಲ್ಲೂ ಪ್ರಕಟವಾದ ಆ ಪುಟ್ಟ ಲೇಖನವೇ ಗುರುಗಳ ಕೊನೆಯ ಬರಹವಾಯಿತು.

ನಿವೃತ್ತಿಗೆಂದು ಈ ಅಭಿನಂದನ ಸಂಪುಟದ ಸಿದ್ಧತೆ ನಡೆದಾಗ ಮೇಷ್ಟ್ರ ಶಿಷ್ಯರಿಗೂ ಒಂದು ಆಸೆ ಹುಟ್ಟಿತು. ಅವರಿಗೆ ಗುಡ್ಡದ ಮೇಲೆ ಈಚೆಗೆ ಯಾವ ಹೆಸರಿಗೂ ಹೊಂದದ ಬಿದಿರೊಂದು ಸಿಕ್ಕಿತ್ತು. ಮೇಷ್ಟ್ರ ಹೆಸರಿಟ್ಟು ಇದೇ ಪುಟಗಳಲ್ಲಿ ಪ್ರಕಟಿಸುವುದೆಂದು ಗುಟ್ಟಾಗಿ ನಿಶ್ಚಯಿಸಿದ್ದರು. ಆದರೆ ಮೇಷ್ಟ್ರ ಮೂಗಿಗೆ ತಿಳಿಯದ ಗುಟ್ಟು ಆ ಕೋಣೆಯಲ್ಲಿ ಯಾವುದಿದೆ? ಹಾಳೆಯನ್ನು ತರಿಸಿ, ಕನ್ನಡಕ ಹಣೆಗೇರಿಸಿ ನೋಡಿ, “ಹೂ ಎಲ್ಲಿ?” ಎಂದು ಕೇಳಿದರು.

“ಬಿದಿರು ಸರ್. ಹೂ ಬಿಡೋಕೆ ಮೂವತ್ತು ನಲವತ್ತು ವರ್ಷವೂ ಆಗಬಹುದು.”

“ಆಗಲಿ. ನನಗೇನು ಅವಸರ?” ಎಂದು ಹಾಳೆಯನ್ನು ಹೆಸರಿಲ್ಲದವುಗಳ ಬೀರುವಿನಲ್ಲಿಟ್ಟು ಬಂದರು.

ಆದ್ದರಿಂದ ಈ ಸಂಪುಟದಲ್ಲಿ ಆ ವರ್ಣನೆ ಇಲ್ಲ. ಆ ಬಿದಿರು ತನ್ನ ಕಾಲಕ್ಕೆ ಹೂ ಬಿಡಲಿ. ಆ ದಿನ ಅದರ ಹೂವನ್ನು ಬಿಡಿಸಿ, ಇದು ಹೊಸದು ಹೌದೋ ಅಲ್ಲವೋ ಎಂದು ಹೇಳಲು ಎಲೆ ಮೇಷ್ಟ್ರೇ ಭೂತಗನ್ನಡಿ ಹಿಡಿದು ಗುಡ್ಡದ ಮೇಲೆ ನಿಂತಿರಲಿ ಎಂಬುದು ಶಿಷ್ಯರೆಲ್ಲರ ಹಾರೈಕೆ.