ಕ್ಲಚ್ ಮೇಡಂ ಕಲಿತ ಪದ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಲಿಯಲು ಬಂದವರ ಪಕ್ಕದಲ್ಲಿ ಕೂತು ದಿನಕ್ಕೆ ನೂರು ಸಲ "ಕ್ಲಚ್, ಕ್ಲಚ್!" ಎಂದು ಕೂಗಿ ಕೂಗಿ ಕ್ಲಚ್ ಮೇಡಂ ಆಗಿಬಿಟ್ಟಿದ್ದಳು. ವಯಸ್ಸು ಐವತ್ತೆರಡು. ಕಲಿಸುವ ಕಾರಿನಲ್ಲಿ ಅವಳ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಅದರ ಮೇಲೆ ಬಲಗಾಲನ್ನು ತೇಲಿಸಿಟ್ಟುಕೊಂಡೇ ಕೂತವಳಿಗೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಆ ಕಾಲು ಅರ್ಧ ಎದ್ದೇ ಇರುತ್ತಿತ್ತು. "ಊಟ ಮಾಡುವಾಗಲಾದ್ರೂ ಬ್ರೇಕ್ ಬಿಡೇ" ಎಂದು ಗಂಡ ನಗುತ್ತಿದ್ದ. ಅವನು ಬಡಗಿ. ಮನೆಯಿಂದ ಎರಡು ಬೀದಿ ಆಚೆ ಅವನ ಕಾರ್ಖಾನೆ.

ವಾಹನದ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಲಾರಿ ಓಡಿಸುತ್ತಿದ್ದ. ಅವಳಿಗೆ ಇಪ್ಪತ್ತಾಗಿದ್ದಾಗ ಅವನಿಗೆ ಲಕ್ವ ಹೊಡೆಯಿತು. ಆಮೇಲೆ ಆರು ವರ್ಷ ಕಿಟಕಿ ಪಕ್ಕದ ಒಂದೇ ಮಂಚ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವಳು ಇವಳೇ, ಬೆನ್ನಿನ ಹುಣ್ಣು ತೊಳೆಯುವವಳೂ ಇವಳೇ. ಅರ್ಧ ತಿರುಗುವ ನಾಲಿಗೆಯಲ್ಲಿ ಅಪ್ಪ ಗಾಡಿ ಓಡಿಸುವುದನ್ನು ಹೇಳಿಕೊಡುತ್ತಿದ್ದ, ಇವಳು ಸ್ಟೂಲಿನ ಮೇಲೆ ಕೂತು ಊಟದ ತಟ್ಟೆಯನ್ನೇ ಸ್ಟಿಯರಿಂಗ್ ಮಾಡಿಕೊಂಡು ತಿರುಗಿಸುತ್ತಿದ್ದಳು. ಆಗ ಮಾತ್ರ ಅವನ ಕಣ್ಣಿಗೆ ಜೀವ ಬರುತ್ತಿತ್ತು. ಉಳಿದ ಹೊತ್ತೆಲ್ಲ ಸೂರು ನೋಡುತ್ತ ಮಲಗಿರುತ್ತಿದ್ದ. ಆ ಆರು ವರ್ಷ ಕಂಡ ಮೇಲೆ ಅವಳಿಗೆ ಸಾವೆಂದರೆ ಅಷ್ಟೇನೂ ಭಯ ಉಳಿಯಲಿಲ್ಲ. ಹಾಸಿಗೆಯೆಂದರೆ ಭಯ.

ಹಾಗಾಗಿ ಮಲದಲ್ಲಿ ರಕ್ತ ಕಂಡಾಗ ಅವಳು ಎರಡು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಗಂಡ ಬಟ್ಟೆ ನೆನೆಹಾಕುವಾಗ ಕಲೆ ನೋಡಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಸೋಮವಾರ ಬೆಳಗ್ಗೆ ಮಂಪರು ಬರಿಸಿ, ಕರುಳಿಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರು. ಎಚ್ಚರವಾಗುವಷ್ಟರಲ್ಲಿ ಡಾಕ್ಟರು ಇನ್ನೊಂದು ತುರ್ತು ಕೆಲಸಕ್ಕೆ ಹೋಗಿಯಾಗಿತ್ತು.

"ಒಂದು ಗಂಟಿದೆ. ಗುರುವಾರ ಬನ್ನಿ, ಡಾಕ್ಟರೇ ಹೇಳ್ತಾರೆ" ಎಂದು ನರ್ಸ್ ಲಕೋಟೆ ಕೊಟ್ಟಳು.

ಮನೆಗೆ ಬಂದು, ಗಂಡ ಚಹಾಕ್ಕೆ ನೀರಿಡಲು ಹೋದಾಗ ಅವಳು ಲಕೋಟೆ ಬಿಚ್ಚಿದಳು. ಹತ್ತನೇ ತರಗತಿಯ ಇಂಗ್ಲಿಷು, ರಸ್ತೆ ಫಲಕಗಳ ಇಂಗ್ಲಿಷು, ಅಷ್ಟೇ ಅವಳ ಬಂಡವಾಳ. ಹದಿನೈದು ಮಿಲಿಮೀಟರ್ ಎಂಬ ಅಳತೆ ತಿಳಿಯಿತು. ಅದರ ಪಕ್ಕದಲ್ಲಿ ಒಂದು ಪದ: ಸೆಸೈಲ್. ಅದನ್ನು ಹೇಗೆ ಉಚ್ಚರಿಸಬೇಕೆಂದೂ ಆಗ ಅವಳಿಗೆ ಗೊತ್ತಿರಲಿಲ್ಲ. ಅದರ ಮುಂದಿನದು ಪಾಲಿಪ್. ಮಗಳು ಶಾಲೆಯಲ್ಲಿದ್ದಾಗ ಕೊಂಡ ನಿಘಂಟು ಕಪಾಟಿನಲ್ಲಿತ್ತು. ಪಾಲಿಪ್ ಅದರಲ್ಲಿ ಇರಲಿಲ್ಲ. ಸೆಸೈಲ್ ಇತ್ತು. ಬೆರಳಿಟ್ಟು ಓದಿದಳು: "ಒಂದೇ ಸ್ಥಳದಲ್ಲಿ ನೆಲೆನಿಂತ, ಜಾಗ ಬಿಟ್ಟು ಚಲಿಸಲಾರದ."

ಇನ್ನೊಮ್ಮೆ ಓದಿದಳು. ಅಕ್ಷರಗಳನ್ನು ಒಂದೊಂದಾಗಿ ರಿಪೋರ್ಟಿಗೆ ಹೋಲಿಸಿದಳು, ಎಲ್ಲಾದರೂ ಒಂದು ಅಕ್ಷರ ತಪ್ಪಿರಲಿ ಎಂದುಕೊಂಡು. ತಪ್ಪಿರಲಿಲ್ಲ. ಗಂಟು ಬೆಳೆಯುತ್ತದೆ, ನರ ಒತ್ತುತ್ತದೆ, ಕಾಲು ಹೋಗುತ್ತದೆ. ಅಪ್ಪನ ರಕ್ತ, ಅಪ್ಪನ ಮಂಚ.

"ಏನಂತೆ?" ಗಂಡ ಒಳಗಿಂದ ಕೇಳಿದ.

"ನನಗೇನು ಗೊತ್ತಾಗುತ್ತೆ? ಗುರುವಾರ ಹೇಳ್ತಾರಲ್ಲ."

ಪಕ್ಕದ ಕೋಣೆಯಲ್ಲಿ ಮಗಳು ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದಳು. ಅವಳನ್ನು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಕೇಳಿದರೆ ಹೇಳಬೇಕಾಗುತ್ತದೆ. ಅಮ್ಮ ಬಚ್ಚಲಿಗೆ ಹೋಗಿ ಚಿಲಕ ಹಾಕಿ ಒಂಟಿಕಾಲಲ್ಲಿ ನಿಂತು ನೋಡಿದಳು. ಎಡಗಾಲಲ್ಲಿ ಇಪ್ಪತ್ತರವರೆಗೆ ಎಣಿಸಿದಳು. ಬಲಗಾಲಲ್ಲಿ ಹನ್ನೊಂದಕ್ಕೇ ತೂರಾಡಿ ಬಕೆಟ್ ಹಿಡಿದುಕೊಂಡಳು. ಎರಡು ದಿನದಿಂದ ಅನ್ನ ಬಿಟ್ಟು ಪರೀಕ್ಷೆ ಮಾಡಿಸಿಕೊಂಡ ಮೈ, ಇನ್ನೂ ಮಂಪರು ಪೂರ್ತಿ ಇಳಿದಿಲ್ಲ ಎಂಬುದು ಹೊಳೆಯಲೇ ಇಲ್ಲ. ಶುರುವಾಯಿತು ಎಂದುಕೊಂಡಳು.

ಮಂಗಳವಾರ ರಜೆ ಹಾಕಿ ಮಲಗು ಎಂದ ಗಂಡನ ಮೇಲೆ ಹರಿಹಾಯ್ದಳು. "ಮಲಗಲ್ಲ! ಮಲಗು ಅನ್ನಬೇಡ ನನಗೆ!" ಬುಧವಾರ ಬೆಳಗ್ಗೆ ಅವಳು ಕೆಲಸಕ್ಕೆ ಹೋದಳು.

ಅಂದಿನ ಮೊದಲ ಪಾಠ ಒಬ್ಬ ನಿವೃತ್ತ ಉಪನ್ಯಾಸಕಿಗೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು, ಅರವತ್ತನಾಲ್ಕಕ್ಕೆ ಕಾರು ಕಲಿಯಲು ಹೊರಟವರು. ಸೀಟಿನಲ್ಲಿ ಕೂತರೆ ಪರೀಕ್ಷೆಗೆ ಬಂದ ಹುಡುಗಿಯಂತೆ ಬೆವರುತ್ತಿದ್ದರು. ಇವಳು ಅವರಿಗೆ ಮೇಡಂ, ಅವರು ಇವಳಿಗೆ ಮೇಡಂ. ಕಾರಿನಲ್ಲಿ ಇಬ್ಬರು ಮೇಡಂಗಳ ಮರ್ಯಾದೆ ಮುಗಿಯುವಷ್ಟರಲ್ಲಿ ಸಿಗ್ನಲ್ ಬಿದ್ದುಹೋಗುತ್ತಿತ್ತು.

ಆ ದಿನ ಇಳಿಜಾರಿನ ರಸ್ತೆಯಲ್ಲಿ ಒಂದು ಸೈಕಲ್ ಗಲ್ಲಿಯಿಂದ ಸರಕ್ಕನೆ ಹೊರಬಂತು. ಕ್ಲಚ್ ಮೇಡಂ ಅದನ್ನು ನೋಡಿದಳು. ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಬೇಕು ಎಂದುಕೊಂಡಳು, ಒತ್ತಲಿಲ್ಲ. ಕಾಲು ತನ್ನದಲ್ಲ ಎನ್ನುವಂತೆ ಅಲ್ಲೇ ಇತ್ತು. ಬ್ರೇಕ್ ಹಾಕಿದ್ದು ಉಪನ್ಯಾಸಕಿ. ಕಾರು ಕುಪ್ಪಳಿಸಿ ಆಫ್ ಆಯಿತು. ಸೈಕಲ್ಲಿನವನು ಬಾಯಿಗೆ ಬಂದಂತೆ ಬೈದು ಹೋದ.

"ಮೇಡಂ, ಕ್ಲಚ್ ಮರೆತೆ" ಎಂದರು ಉಪನ್ಯಾಸಕಿ. ಪಕ್ಕದಿಂದ ಬೈಗುಳ ಬರಲಿಲ್ಲ. ತಿರುಗಿ ನೋಡಿದರೆ ಕ್ಲಚ್ ಮೇಡಂ ಎರಡೂ ಕೈಯಲ್ಲಿ ತನ್ನ ಬಲ ಮೊಣಕಾಲು ಹಿಡಿದುಕೊಂಡು ಅಳುತ್ತಿದ್ದಳು.

"ನನ್ನ ಕಾಲು ಹೋಯ್ತು ಮೇಡಂ. ಬರೆದುಬಿಟ್ಟಿದ್ದಾರೆ. ಕಾಗದದಲ್ಲೇ ಬರೆದುಬಿಟ್ಟಿದ್ದಾರೆ."

ಕಾರನ್ನು ಪಕ್ಕಕ್ಕೆ ತರುವುದು ಉಪನ್ಯಾಸಕಿಗೆ ಎರಡು ಪ್ರಯತ್ನ ಹಿಡಿಯಿತು. ಆಮೇಲೆ ಕನ್ನಡಕ ಹಾಕಿಕೊಂಡು, ಅವಳು ಚೀಲದಿಂದ ತೆಗೆದುಕೊಟ್ಟ ರಿಪೋರ್ಟ್ ಓದಿದರು. ಮೇಡಂ ಅವರ ತುಟಿಯನ್ನೇ ನೋಡುತ್ತಿದ್ದಳು.

"ಈ ಪದ ನೋಡಿ ಹೆದರಿದ್ರಾ? ಸೆಸೈಲ್?"

"ಜಾಗ ಬಿಟ್ಟು ಕದಲೋಕಾಗದವರು ಅಂತ ಅಲ್ವಾ?"

"ಹೌದು. ಆದರೆ ಹೇಳಿರೋದು ನಿಮಗಲ್ಲ ಮೇಡಂ, ಆ ಗಂಟಿಗೆ, ಪಾಲಿಪ್ಪಿಗೆ!" ಅವರು ಕಾರಿನಿಂದ ಇಳಿದು ಬೇಲಿಯ ಎರಡು ಗಿಡಗಳಿಂದ ಒಂದೊಂದು ಸಣ್ಣ ಕಡ್ಡಿ ಮುರಿದು ತಂದರು. "ಇಲ್ಲಿ ನೋಡಿ, ಈ ಎಲೆಗೆ ತೊಟ್ಟಿದೆ. ಇದಕ್ಕೆ ತೊಟ್ಟಿಲ್ಲ, ನೇರ ಕಾಂಡಕ್ಕೇ ಅಂಟಿಕೊಂಡು ಕೂತಿದೆ. ಇದನ್ನ ಸೆಸೈಲ್ ಅಂತೀವಿ. ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದಿದ್ದೀನಿ. ನಿಮ್ಮ ಗಂಟಿಗೂ ತೊಟ್ಟಿಲ್ಲ, ಕರುಳಿನ ಗೋಡೆಗೆ ಅಂಟಿ ಕೂತಿದೆ. ಅಷ್ಟೇ ಇದರರ್ಥ."

"ಹಾಗಾದ್ರೆ ಕಾಲು?"

"ಕಾಲಿನ ಸುದ್ದಿಯೇ ಇಲ್ಲ ಇದರಲ್ಲಿ."

ಮೇಡಂ ಕಾಲ್ಬೆರಳು ಆಡಿಸಿ ನೋಡಿದಳು. ಆಡಿದವು. ಬ್ರೇಕ್ ಒತ್ತಿದಳು, ಒತ್ತಿತು. ಎದೆಯಿಂದ ಏನೋ ಇಳಿದಂತಾಯಿತು. ಮರುಕ್ಷಣವೇ ಇನ್ನೊಂದು ಪ್ರಶ್ನೆ ಅಲ್ಲಿಗೆ ಬಂದು ಕೂತಿತು.

"ಗಂಟು ಒಳ್ಳೇದಾ, ಕೆಟ್ಟದ್ದಾ?"

ಉಪನ್ಯಾಸಕಿ ಕಾಗದ ಮಡಿಸಿದರು. "ಅದು ಈ ಪದದಲ್ಲಿಲ್ಲ. ನನಗೂ ಗೊತ್ತಿಲ್ಲ. ಸುಳ್ಳು ಧೈರ್ಯ ಹೇಳಲ್ಲ ಮೇಡಂ. ನಾಳೆ ಡಾಕ್ಟರನ್ನ ಕೇಳಿ. ಮನೆಯಲ್ಲಿ ಮಾತ್ರ ಇವತ್ತೇ ಹೇಳಿ."

ಅವಳು ಅಲ್ಲಿಂದ ನೇರ ಗಂಡನ ಕಾರ್ಖಾನೆಗೆ ಹೋದಳು. ನೆಲದ ತುಂಬ ಮರದ ಹೊಟ್ಟು ಕಣಕಾಲು ಮುಚ್ಚುವಷ್ಟು ಬಿದ್ದಿತ್ತು. ಅವನು ಬಾಗಿಲಿಗೆಂದು ತಂದ ಹಲಗೆಗೆ ಸೋಮವಾರದಿಂದ ಉಜ್ಜುಗೊರಡು ಹಾಕುತ್ತಲೇ ಇದ್ದ. ಹಲಗೆ ಸವೆದು ಕಿಟಕಿಗೂ ಸಾಲದಂತಾಗಿತ್ತು. ಅವಳು ನಿಘಂಟಿನಿಂದ ಹಿಡಿದು ಸೈಕಲ್ಲಿನವರೆಗೆ ಎಲ್ಲ ಹೇಳಿದಳು. ಅವನು ಹಲಗೆಯ ಮೇಲೆ ಕೂತುಬಿಟ್ಟ.

"ನೀನು ಮಾತಾಡದೇ ಇದ್ದದ್ದಕ್ಕೆ ನನಗೆ ಈ ಉಜ್ಜೋದು ನಿಲ್ಲಿಸೋಕೇ ಆಗ್ಲಿಲ್ಲ ಮಾರಾಯ್ತಿ" ಎಂದ. "ಹಾಸಿಗೆ ಹಿಡಿದರೆ ಹಿಡೀತೀಯ, ನಾನಿಲ್ವಾ? ಇಷ್ಟೊಂದು ಒಬ್ಬಳೇ ಹೊತ್ಕೋತಾರಾ?"

ಗುರುವಾರ ಡಾಕ್ಟರು ಚಿತ್ರ ಬರೆದು ತೋರಿಸಿದರು. ಗಂಟಿಗೆ ತೊಟ್ಟು ಇದ್ದಿದ್ದರೆ ಅಂದೇ ಸುಲಭವಾಗಿ ಕತ್ತರಿಸಬಹುದಿತ್ತು. ಇದು ಅಂಟಿ ಕೂತದ್ದರಿಂದ ಅದರ ಬುಡಕ್ಕೆ ಸೂಜಿಯಲ್ಲಿ ದ್ರವ ತುಂಬಿ, ಉಬ್ಬಿಸಿ, ಆಮೇಲೆ ತೆಗೆಯಬೇಕು. ಕರುಳು ತೂತಾಗುವ ಅಪಾಯ ಸ್ವಲ್ಪ ಇದೆ ಎಂದೂ ಹೇಳಿದರು. ಮುಂದಿನ ವಾರ ತೆಗೆದರು. ತೂತಾಗಲಿಲ್ಲ. ತೆಗೆದದ್ದನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶಕ್ಕೆ ಹತ್ತು ದಿನ.

ಆ ಹತ್ತು ದಿನ ಫೋನ್ ಗುನುಗಿದರೆ ಸಾಕು, ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಈಗ ಮಗಳಿಗೂ ಗೊತ್ತಿತ್ತು. ಅವಳು ಪುಸ್ತಕ ತಂದು ಅಮ್ಮನ ಪಕ್ಕದಲ್ಲೇ ಕೂತು ಓದುತ್ತಿದ್ದಳು.

ಹನ್ನೊಂದನೆಯ ದಿನ ಡಾಕ್ಟರು ಕಾಗದದ ಕೊನೆಯ ಸಾಲಿಗೆ ಹೋಗುವವರೆಗೆ ಗಂಡ ಹೆಂಡತಿ ಇಬ್ಬರೂ ಉಸಿರು ಬಿಡಲಿಲ್ಲ.

"ಕ್ಯಾನ್ಸರ್ ಅಲ್ಲ. ಆದರೆ ಇನ್ನು ಕೆಲವು ವರ್ಷ ಬಿಟ್ಟಿದ್ದರೆ ಆಗಬಹುದಾಗಿದ್ದ ಜಾತಿಯದು. ಆರು ತಿಂಗಳಿಗೆ ಮತ್ತೆ ನೋಡಬೇಕು. ಈ ಸಲ ಎರಡು ತಿಂಗಳು ಮುಚ್ಚಿಟ್ಟಿರಿ, ಇನ್ನೊಮ್ಮೆ ಹಾಗೆ ಮಾಡಬೇಡಿ."

ಹೊರಗೆ ಬಂದು ಗಂಡ ಮೆಟ್ಟಿಲ ಮೇಲೆ ಕೂತು ಅತ್ತ. ಅವಳಿಗೆ ಅಳು ಬರಲಿಲ್ಲ. ಆರು ತಿಂಗಳು ಎಂಬ ಮಾತು ಕಿವಿಯಲ್ಲೇ ನಿಂತಿತ್ತು.

ಆರು ತಿಂಗಳಾದಾಗ ಅದೇ ಭಯ ಮತ್ತೆ ಬಂತು, ಒಂದು ಕಾಳಿನಷ್ಟೂ ಕಡಿಮೆಯಾಗದೆ. ಹಿಂದಿನ ದಿನ ಇಡೀ ಅವಳು ಮನೆಯೊಳಗೆ ಶತಪಥ ಹಾಕಿದಳು. ಆದರೂ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿದ್ದಳು. ಕರುಳು ಶುಭ್ರವಾಗಿತ್ತು. ನರ್ಸ್ ಲಕೋಟೆ ಕೊಟ್ಟಾಗ ಅವಳು ಅಲ್ಲೇ ನಿಂತು ಬಿಚ್ಚಿ, ಗೊತ್ತಿಲ್ಲದ ಪದದ ಮೇಲೆಲ್ಲ ಬೆರಳಿಟ್ಟು, "ಇದೇನು? ಇದೇನು?" ಎಂದು ಒಂದೊಂದನ್ನೂ ಕೇಳಿಸಿಕೊಂಡಳು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಅವಳು ಸರಿಯಲಿಲ್ಲ.