ನಿಂತ ಗೀಟುಗಳ ಲೆಕ್ಕ

ರೂಪಾಯಿ, ಆಣೆ, ಪೈಗಳ ಲೆಕ್ಕ ಹೋಗಿ ನೂರು ಪೈಸೆಯ ರೂಪಾಯಿ ಬಂದದ್ದು ನನ್ನ ಎಂ.ಎ. ಪ್ರಬಂಧದ ವಿಷಯ. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಲೆಕ್ಕ ಹೇಗೆ ಬರೆಯುತ್ತಿದ್ದರು ಎಂದು ತೋರಿಸಲು ಒಂದು ಹಳೆಯ ಲೆಕ್ಕದ ಪುಸ್ತಕ ಬೇಕಿತ್ತು. ಕೊಟ್ಟವರು ಅಮ್ಮನಿಗೆ ಶಾಲೆಯಲ್ಲಿ ಕಲಿಸಿದ ಟೀಚರ್. ಈಗ ಅಲೆವೂರಿನಲ್ಲಿದ್ದಾರೆ. ಅವರ ತಂದೆ ಕಾರ್ಕಳದ ಒಂದು ಅಕ್ಕಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು; ಪುಸ್ತಕ ಅವರು ಬರೆದದ್ದು.

ಪುಸ್ತಕದ ಹೆಚ್ಚಿನ ಪುಟಗಳ ಮೊತ್ತ ನನ್ನ ಲ್ಯಾಪ್‌ಟಾಪಿನ ಮೊತ್ತಕ್ಕೆ ಹೊಂದಲಿಲ್ಲ. ಎರಡು ಬಾರಿ ನೋಡಿ, ಗುಮಾಸ್ತರ ಕೂಡಿಕೆಯಲ್ಲಿ ತಪ್ಪುಗಳಿವೆ ಎಂದು ಬರೆದೆ. ಅದನ್ನು ಅವರ ಮಗಳಿಗೆ ತಿಳಿಸದೆ ಪ್ರಬಂಧವನ್ನು ಬೈಂಡಿಂಗ್‌ಗೆ ಕೊಡಲು ಮನಸ್ಸಾಗಲಿಲ್ಲ. ಪುಸ್ತಕವನ್ನೂ ತೆಗೆದುಕೊಂಡು ಕಾಪುವಿನಿಂದ ಬಸ್ಸು ಹಿಡಿದು ಹೋದೆ.

ಕೇಳಿ ಟೀಚರ ಮುಖ ಸಣ್ಣದಾಯಿತು. ಅಪ್ಪನ ಲೆಕ್ಕದಲ್ಲಿ ಒಂದು ಪೈ ಹೆಚ್ಚುಕಡಿಮೆಯಾಯಿತೆಂದು ಯಾರೂ ಹೇಳಿದ್ದಿಲ್ಲ ಎಂದರು. ಒಂದು ಸಾಲು ಓದಲು ಹೇಳಿದರು.

"ಮೂರು ರೂಪಾಯಿ, ಒಂದು ಆಣೆ," ಎಂದೆ.

"ನಡುವೆ ಎರಡು ಗೀಟು ನಿಂತಿದೆಯಲ್ಲ, ಅದೆಂತ?"

"ರೂಪಾಯಿ, ಆಣೆ ಬೇರೆ ಮಾಡಲು ಎಳೆದದ್ದಲ್ವಾ, ಟೀಚರ್?"

"ಇಷ್ಟು ಓದಿದ್ದು ಎಂತಕ್ಕೆ ಮಾರಾಯ್ತಿ? ನಿಂತ ಗೀಟು ಒಂದೊಂದೂ ಪಾವಲಿ, ನಾಲ್ಕಾಣೆ. ಮಲಗಿದ್ದು ಒಂದಾಣೆ. ಅದು ಮೂರು ರೂಪಾಯಿ ಒಂಬತ್ತಾಣೆ."

ನಿಂತ ಗೀಟುಗಳನ್ನೆಲ್ಲ ಬಿಟ್ಟೇ ನಾನು ಟೈಪ್ ಮಾಡಿದ್ದೆ. ನೂರರ ಲೆಕ್ಕದಲ್ಲಿ ಬೆಳೆದ ನನಗೆ ಕಾಲು ಭಾಗಕ್ಕೇ ಒಂದು ಗುರುತು ಇರಬಹುದೆಂದು ಹೊಳೆದಿರಲಿಲ್ಲ.

ಟೀಚರ್ ಆ ಪುಟವನ್ನು ತಾವೇ ಕೂಡಿದರು. ಹೆಬ್ಬೆರಳು ಉಳಿದ ಬೆರಳುಗಳ ಗೆರೆಗಳನ್ನೂ ತುದಿಗಳನ್ನೂ ಮುಟ್ಟುತ್ತಾ ಹೋಯಿತು. ಬೆರಳಿಗೆ ನಾಲ್ಕರಂತೆ ಕೈ ತುಂಬಿದರೆ ಹದಿನಾರು ಆಣೆ, ಒಂದು ರೂಪಾಯಿ. ನಾನು ಫೋನಿನಲ್ಲಿ ಕೂಡುತ್ತಿದ್ದೆ. ಅವರೇ ಮೊದಲು ಮುಗಿಸಿದರು. ಬಂದ ಮೊತ್ತ ಅವರ ತಂದೆ ಬರೆದದ್ದೇ. ಮುಂದಿನ ಪುಟವೂ ಹೊಂದಿತು, ಅದರ ಮುಂದಿನದೂ. ನನ್ನ ತಪ್ಪು ಬಯಲಾಗುತ್ತಿದ್ದರೂ ಪ್ರತಿ ಪುಟಕ್ಕೂ ನನಗೆ ಖುಷಿಯೇ ಆಗುತ್ತಿತ್ತು.

ಗುಮಾಸ್ತರ ತಪ್ಪಿನ ಬಗ್ಗೆ ಬರೆದ ಆ ವಾಕ್ಯವನ್ನು ಅಳಿಸಿ, ಕೋಷ್ಟಕವನ್ನು ತಿದ್ದಿದರೆ ಸಾಕಿತ್ತು. ಆದರೂ ನಾನು ಹೇಗೆ ತಪ್ಪಿದೆ, ಯಾರು ತಿದ್ದಿದರು ಎಂಬುದನ್ನೂ ಅಡಿಟಿಪ್ಪಣಿಯಲ್ಲಿ ಬರೆದೆ. ಮಣಿಪಾಲದಲ್ಲಿ ನನ್ನ ಮಾರ್ಗದರ್ಶಕರು ಇದು ಬೇಕೇ ಎಂದು ಕೇಳಿದರು. ಬೇಕು ಎಂದೆ.

ಬೈಂಡ್ ಆದ ಪ್ರತಿಯನ್ನು ಟೀಚರಿಗೆ ಒಯ್ದು ಕೊಟ್ಟೆ. ಅಡಿಟಿಪ್ಪಣಿಯನ್ನು ನಿಧಾನವಾಗಿ ಓದಿದರು. ತಂದೆಯ ಲೆಕ್ಕವಿದ್ದ ನನ್ನ ಕೋಷ್ಟಕವನ್ನು ಮೇಲಿನಿಂದ ಕೆಳಗೆ ಕೂಡಿ ನೋಡಿ, "ಸರಿ ಉಂಟು," ಎಂದರು.