ಸುತ್ತಿಗೆಗೊಂದು ಜಾಗ

ಶಹಾಬಾದದ ಮನೆಯ ಗೋಡೆಗೆ ಮೊಳೆ ಹೊಡೆಯಲು ಹೋಗಿ ಸೋತವರಿಗೆ ಮಾತ್ರ ಆ ಊರಿನ ಗುಣ ಗೊತ್ತು. ಅಲ್ಲಿ ನೆಲ ಫರಸಿ ಕಲ್ಲು, ಗೋಡೆ ಫರಸಿ ಕಲ್ಲು, ಮೇಲೆ ಹೊದಿಸಿದ್ದೂ ಫರಸಿ ಕಲ್ಲು. ಅಡುಗೆ ಕಟ್ಟೆ, ಬಚ್ಚಲು, ಹೊರಗೆ ಕೂತು ಊರ ಸುದ್ದಿ ಆಡುವ ಕಟ್ಟೆ, ಎಲ್ಲವೂ ಅದೇ. ಮೊಳೆ ಬಾಗುತ್ತದೆ, ಹೆಬ್ಬೆರಳು ಊದುತ್ತದೆ, ಗೋಡೆಗೆ ಮಾತ್ರ ಏನೂ ಆಗಿರುವುದಿಲ್ಲ. ನಮ್ಮ ಮನೆಯ ಕ್ಯಾಲೆಂಡರು ವರ್ಷಪೂರ್ತಿ ಅಕ್ಕಿ ಡಬ್ಬಿಗೆ ಒರಗಿ ನಿಂತಿರುತ್ತಿತ್ತು. ತಿಥಿ ನೋಡಬೇಕಾದರೆ ಬಗ್ಗಬೇಕು.

ನಾನು ಆಗ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ. ವ್ಯಾಗನ್ನಿಗೆ ಕಲ್ಲು ತುಂಬಿಸುವುದನ್ನು ನೋಡುತ್ತ ನಿಲ್ಲುವುದು ನನ್ನ ಕೆಲಸ. ಕೈಯಿಂದ ಏನನ್ನೂ ಮಾಡಲು ಬಾರದ ಮನುಷ್ಯನಿಗೆ ಕೈ ಉಪಕರಣಗಳ ಹುಚ್ಚು ಹೇಗೆ ಹಿಡಿಯಿತೋ ದೇವರೇ ಬಲ್ಲ. ವಾಡಿಯ ಸಂತೆಗೆ ಹೋದರೆ ಜನ ಬದನೆಕಾಯಿ ತರುತ್ತಿದ್ದರು, ನಾನು ಇಕ್ಕಳ ತರುತ್ತಿದ್ದೆ. ಸುತ್ತಿಗೆ, ಉಳಿ, ಗರಗಸ, ಬೋಲ್ಟು ತಿರುಗಿಸುವ ಪಾನಾ, ಕಟ್ಟಿಗೆ ಹೆರೆಯುವ ರಂದಾ, ತೂತು ಕೊರೆಯುವ ಗಿರ್ಮಿಟ್ಟು, ಹೀಗೆ ಒಂದೊಂದಾಗಿ ಬಂದು ಮನೆ ತುಂಬಿದವು. ಇಷ್ಟೆಲ್ಲ ಇಟ್ಟುಕೊಂಡು ನಾನು ಮಾಡಿದ್ದು ಒಂದೇ ಸ್ಟೂಲು. ಅದರ ನಾಲ್ಕು ಕಾಲುಗಳಲ್ಲಿ ಮೂರು ಮಾತ್ರ ನೆಲ ಮುಟ್ಟುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಹಾಗೆ ಅನ್ನುವ ಸುಖವೂ ಇರಲಿಲ್ಲ, ಯಾಕೆಂದರೆ ಫರಸಿ ನೆಲ ಎಂದೂ ಡೊಂಕಿರುವುದಿಲ್ಲ.

ಸಂಸಾರದಲ್ಲಿ ಎಲ್ಲಕ್ಕೂ ಒಂದು ಜಾಗ ಉಂಟು. ದೇವರಿಗೆ ಜಗಲಿ, ಉಪ್ಪಿನಕಾಯಿಗೆ ಭರಣಿ, ಅಳಿಯನಿಗೆ ಗೋಡೆಯ ಪಕ್ಕದ ಚಾಪೆ. ಸುತ್ತಿಗೆಗೆ ಮಾತ್ರ ಜಾಗವಿಲ್ಲ. ನಮ್ಮ ದೇವರುಗಳಿಗೆ ಈ ತೊಂದರೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಎಂಟು ಆಯುಧ ಇದ್ದರೆ ಎಂಟು ಕೈ ಮಾಡಿಕೊಂಡರು, ಹತ್ತಿದ್ದರೆ ಹತ್ತು. ಕೆಳಗಿಟ್ಟರೆ ತಾನೇ ಹುಡುಕುವ ಪ್ರಶ್ನೆ! ಇತ್ತ ನಮ್ಮ ಮಳಖೇಡದಲ್ಲಿ ಕೂತು ಅರ್ಧ ದೇಶ ಆಳಿದ ರಾಜರ ಬಿರುದುಗಳೆಲ್ಲ ಶಾಸನಗಳಲ್ಲಿ ಇವೆ. ಆ ಶಾಸನ ಕೆತ್ತಿದವನು ಸಂಜೆ ಮನೆಗೆ ಹೋಗುವಾಗ ಉಳಿಯನ್ನು ಎಲ್ಲಿಡುತ್ತಿದ್ದ ಎಂದು ಯಾವ ಕಲ್ಲಿನಲ್ಲೂ ಬರೆದಿಲ್ಲ. ಅವನ ಹೆಂಡತಿ ಕಾಲಿಗೆ ಉಳಿ ತಗಲಿಸಿಕೊಂಡು ಏನೆಂದಳೋ ಅದನ್ನಂತೂ ಬರೆಯಲು ಸಾಧ್ಯವೇ ಇರಲಿಲ್ಲ.

ನನ್ನ ಹೆಂಡತಿ ಶರಣಮ್ಮ ಏನೆಂದಳು ಎಂದು ಬರೆಯಬಲ್ಲೆ. ಚೊಚ್ಚಲ ಬಸುರಿ. ಕುಬಸದ ಕಾರ್ಯ ಮುಗಿದು, ಹೆರಿಗೆಗೆ ಅವಳನ್ನು ಚಿಂಚೋಳಿ ಕಡೆಯ ಚಿಮ್ಮನಚೋಡಕ್ಕೆ, ಅವಳ ತವರಿಗೆ, ಕರೆದುಕೊಂಡು ಹೋಗಲು ಮಾವನವರು ಬಂದಿದ್ದರು. ಹೊರಡುವ ಹೊತ್ತಿಗೆ ಹೊಸ್ತಿಲ ಬಳಿ ಬಿದ್ದಿದ್ದ ಗರಗಸವನ್ನು ಅವಳು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ಕೂಸು ತಗೊಂಡು ಬರೂದ್ರಾಗ ಇವಕ್ಕೆಲ್ಲ ಒಂದು ಜಾಗಾ ಮಾಡ್ರಿ. ಇಲ್ಲಂದ್ರ ನಾ ಬರಲ್ಲ ನೋಡ್ರಿ," ಅಂದಳು.

ನಕ್ಕುಕೊಂಡೇ ಅಂದಳು. ಆದರೆ ಮನೆ ಖಾಲಿಯಾದ ಮೇಲೆ ಆ ನಗು ನೆನಪಿನಿಂದ ಹೋಯಿತು, ಮಾತು ಮಾತ್ರ ಉಳಿಯಿತು. ಸಂಜೆ ಬಾಗಿಲು ತೆಗೆದರೆ ಒಳಗಿನಿಂದ ತಣ್ಣನೆಯ ಕಲ್ಲಿನ ವಾಸನೆ ಬರುತ್ತಿತ್ತು. ಅವಳಿದ್ದಾಗ ಅಲ್ಲಿ ಒಗ್ಗರಣೆಯ ವಾಸನೆ ಇರುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಪಕ್ಕದ ಮನೆಯಿಂದ ಕೇಳಿದರೂ ಎದ್ದು ನಮ್ಮ ಅಡುಗೆ ಮನೆಗೆ ಹೋಗಿ ನೋಡುತ್ತಿದ್ದೆ. ಹೆಂಡತಿ ನೆನಪಾಗುತ್ತಾಳೆ ಎಂದು ಯಾರ ಮುಂದೆ ಹೇಳುವುದು? ನಮ್ಮ ಕಡೆ ಗಂಡಸು ಹಲ್ಲುನೋವನ್ನು ಹೇಳಬಹುದು, ಇದನ್ನು ಹೇಳುವ ಹಾಗಿಲ್ಲ. ಹಾಗಾಗಿ ನಾನು ಉಪಕರಣಗಳನ್ನೆಲ್ಲ ಇಡುವ ಒಂದು ಸ್ಟ್ಯಾಂಡಿನ ಯೋಚನೆಗೆ ಕೂತೆ.

ಫರಸಿ ನೆಲದಷ್ಟು ದೊಡ್ಡ ಪಾಟಿ ಯಾವ ಶಾಲೆಯಲ್ಲೂ ಸಿಗುವುದಿಲ್ಲ. ಉಪಕರಣಗಳನ್ನೆಲ್ಲ ಪಡಸಾಲೆಯಲ್ಲಿ ಹರವಿ, ಒಂದೊಂದರ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ. ಸುತ್ತಿಗೆ ಬಲಕ್ಕೆ, ಯಾಕೆಂದರೆ ಹೆಚ್ಚು ಬೇಕಾಗುವುದು ಅದೇ. ಉಳಿಗಳು ಚಿಕ್ಕದರಿಂದ ದೊಡ್ಡದಕ್ಕೆ. ಗರಗಸ ಹಲ್ಲು ಮೇಲೆ ಮಾಡಿ. ಮರುದಿನ ಬೇಸರವಾಗಿ ಅಳಿಸಿ ಮತ್ತೆ ಬರೆದೆ, ಅದರ ಮರುದಿನ ಮತ್ತೆ. ಅವಳಿದ್ದಿದ್ದರೆ ಆ ಚಿತ್ರ ಬೆಳಗಿನ ಕಸಬರಿಗೆಯ ತನಕ ಮಾತ್ರ ಬದುಕುತ್ತಿತ್ತು. ಈಗ ಅಳಿಸುವವರು ಇರಲಿಲ್ಲ. ನಾನು ಗೆರೆ ತುಳಿಯದ ಹಾಗೆ ಗೋಡೆ ಹಿಡಿದು ಓಡಾಡುತ್ತಿದ್ದೆ.

ನಕ್ಷೆ ಆಯಿತು, ಇನ್ನು ಯಾವುದರಿಂದ ಮಾಡುವುದು? ಶಹಾಬಾದದವರು ಮಾತ್ರ ಮಾಡಬಲ್ಲ ತಪ್ಪನ್ನು ನಾನು ಮಾಡಿದೆ. ಬೇರೆ ಊರಿನವರಿಗೆ ಕಟ್ಟಿಗೆ ನೆನಪಾಗುತ್ತದೆ, ನಮಗೆ ಫರಸಿ. ಕಲ್ಲು ಪಾಲಿಶ್ ಮಾಡುವ ಗೆಳೆಯನೊಬ್ಬ ಐದು ಹಾಸು ಕೊಯ್ದು ಕೊಟ್ಟ. ಒಂದರ ಮೇಲೊಂದು ನಿಲ್ಲಿಸಿದ ಕಲ್ಲಿನ ಕಪಾಟು. ನಾಲ್ಕು ಜನ ಹೊತ್ತು ತಂದು ಇಟ್ಟರು, ಇಟ್ಟ ಮೇಲೆ ನನ್ನೊಬ್ಬನಿಂದ ಸರಿಸಲಾಗಲಿಲ್ಲ. ಪಾಲಿಶಿನ ಮೇಲೆ ಪಾನಾ ಜಾರಿ ಬೀಳುತ್ತಿತ್ತು. ಉಳಿಯ ಬಾಯಿ ಕಲ್ಲಿಗೆ ತಗಲಿ ತಗಲಿ ಮೊಂಡಾಯಿತು. ಆದರೂ ನೋಡಲು ಚೆಂದವಿತ್ತು, ಅದನ್ನು ಅಲ್ಲಗಳೆಯಲಾರೆ.

ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ಕಾರ್ಯಕ್ಕೆ ವಾಡಿ, ಚಿತ್ತಾಪುರ ದಾಟಿ ಸೇಡಂವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಚಿಮ್ಮನಚೋಡಕ್ಕೆ ಹೋದೆ. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಮನೆಯಲ್ಲಿ ಬಾಣಂತಿ ಕೋಣೆಯ ಬಾಗಿಲಲ್ಲೇ ಅತ್ತೆಯವರು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಶರಣಮ್ಮ ಸ್ವಲ್ಪ ದಪ್ಪಗಾಗಿದ್ದಳು, ಕಿವಿಗೆ ಬಟ್ಟೆ ಕಟ್ಟಿದ್ದಳು. ಜೋಡಿಸಿಕೊಂಡ ಮಾತೆಲ್ಲ ಆ ಅವರೆಕಾಯಿ ಬುಟ್ಟಿಯ ಮುಂದೆ ಒಣಗಿಹೋಯಿತು. ನಾನು ಕಲ್ಲಿನ ಕಪಾಟಿನ ವರ್ಣನೆಗೆ ಇಳಿದೆ. ಎಷ್ಟು ಅಂತಸ್ತು, ಯಾವುದರ ಎತ್ತರ ಎಷ್ಟು, ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಗೇಣಿಗೊಂದು ಹಾಸು ಅಂತೀರಿ. ಕೂಸು ಹತ್ತಲಿಕ್ಕ ಮೆಟ್ಟಲಾ ಮಾಡೀರಿ ಏನ್ರಿ?"

ಅತ್ತೆಯವರು ಬುಟ್ಟಿ ಬಿಟ್ಟು ನಕ್ಕರು. ಹಾಗೆ ಕಲ್ಲಿನ ಕಪಾಟು ಹಿತ್ತಲಿನ ಬಟ್ಟೆ ಒಗೆಯುವ ಕಟ್ಟೆಯಾಯಿತು. ಅದನ್ನು ಸರಿಸಲು ಮತ್ತೆ ಅದೇ ನಾಲ್ಕು ಜನರನ್ನು ಕರೆಯಬೇಕಾಯಿತು.

ಆ ಮೇಲೆ ಎರಡು ವಾರಕ್ಕೊಮ್ಮೆ ನಾನು ಚಿಮ್ಮನಚೋಡಕ್ಕೆ ಹೋಗತೊಡಗಿದೆ. ಅಳಿಯ ಪದೇ ಪದೇ ಹೋದರೆ ಊರು ನಗುತ್ತದೆ, ಆದರೆ ಸ್ಟ್ಯಾಂಡಿನ ವಿಚಾರ ಕೇಳಲು ಹೋದರೆ ಯಾರು ನಗುತ್ತಾರೆ? ಎಷ್ಟು ಎತ್ತರದಲ್ಲಿರಲಿ, ಅಡುಗೆ ಮನೆ ಕಡೆಗಿರಲಿಯೋ ಪಡಸಾಲೆ ಕಡೆಗೋ, ಕತ್ತರಿಗೂ ಒಂದು ಜಾಗ ಬೇಕೋ ಬೇಡವೋ ಎಂದು ಕೇಳುತ್ತಿದ್ದೆ. ಅವಳು ಹೇಳುತ್ತಿದ್ದಳು. ಕೂಸು ನನ್ನ ಬೆರಳು ಹಿಡಿದುಕೊಳ್ಳುತ್ತಿತ್ತು. ಬಸ್ಸು ಹಿಡಿದು ವಾಪಸು ಬರುವಾಗ ಮಾತ್ರ, ಹೇಳಬೇಕಾದದ್ದು ಏನೋ ಉಳಿಯಿತಲ್ಲ ಅನಿಸಿ ಸೇಡಂ ಬರುವ ತನಕ ಕಿಟಕಿಯ ಹೊರಗೇ ನೋಡುತ್ತ ಕೂರುತ್ತಿದ್ದೆ.

ಕೂಸಿಗೆ ಐದನೇ ತಿಂಗಳು ಬಂತು. ತೊಟ್ಟಿಲು ಕೊಟ್ಟು ಮಗಳನ್ನು ಕಳಿಸುವ ಹೊತ್ತು. ಮಾವನವರು ಕಟ್ಟೆಯ ಮೇಲೆ ಕೂರಿಸಿಕೊಂಡು, ಯಾವಾಗ ಕಳಿಸಲಿ ಹೇಳಿರಿ ಎಂದು ಕೇಳಿದರು. ಅದೇ ಮಾತಿಗಾಗಿ ತಿಂಗಳುಗಟ್ಟಲೆ ಕಾದಿದ್ದೆ. ನಾಳೆಯೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇಷ್ಟು ಆತುರವೇ ಅಂದಾರು ಅನಿಸಿತು, ಅವಳ ಮಾತೂ ನೆನಪಾಯಿತು.

"ಸ್ಟ್ಯಾಂಡ್ ಇನ್ನಾ ಆಗಿಲ್ರಿ ಮಾವಾರ. ಆಗ್ಲಿ ತಡೀರಿ," ಅಂದೆ.

ಒಳಗೆ ಯಾವುದೋ ತಟ್ಟೆ ಸ್ವಲ್ಪ ಜೋರಾಗಿ ಸದ್ದು ಮಾಡಿತು. ಕೈಜಾರಿ ಬಿದ್ದಿರಬೇಕು ಅಂದುಕೊಂಡೆ. ಬೆಸ ತಿಂಗಳಲ್ಲೇ ಕಳಿಸಬೇಕೆಂದು ಆರನೇ ತಿಂಗಳು ಬೇಡವೆಂದರು, ಏಳಕ್ಕೆ ಹೋಯಿತು.

ಉಪಾಯ ಹೊಳೆದದ್ದು ಒಂದು ಮಧ್ಯಾಹ್ನ, ಅಂಗಾತ ಮಲಗಿದ್ದಾಗ. ಗೋಡೆಗೆ ಮೊಳೆ ಹೋಗದಿದ್ದರೆ ಬೇಡ, ನಡುಮನೆಯ ತೊಲೆಗೆ ಎರಡು ಕಬ್ಬಿಣದ ಕೊಂಡಿಗಳಿದ್ದವು. ಹಳೇ ಮನೆಗಳಲ್ಲಿ ಇರುತ್ತವೆ. ಯಾಕಿರುತ್ತವೆ ಎಂದು ನಾನು ಎಂದೂ ಯೋಚಿಸಿದವನಲ್ಲ. ಉದ್ದನೆಯ ಸಾಗವಾನಿ ಹಲಗೆಗೆ ತೂತು ಕೊರೆದು, ಉಪಕರಣಗಳನ್ನು ಅದಕ್ಕೆ ಸಿಗಿಸಿ, ಸರಪಳಿಯಿಂದ ಆ ಕೊಂಡಿಗಳಿಗೆ ತೂಗುಹಾಕಿದೆ. ಕೈ ಎತ್ತಿದರೆ ಸುತ್ತಿಗೆ, ಇನ್ನೊಂದು ಚೂರು ಎತ್ತಿದರೆ ಗರಗಸ. ಕೂಸಿನ ಕೈಗೆ ಹತ್ತು ವರ್ಷವಾದರೂ ಎಟುಕದು. ನನ್ನ ಜನ್ಮದಲ್ಲಿ ಸರಿಯಾಗಿ ಮಾಡಿದ ಕೆಲಸ ಅದೊಂದೇ. ಸ್ಟ್ಯಾಂಡು ತಯಾರಾಗಿದೆ ಎಂದು ಆ ದಿನವೇ ಕಾರ್ಡು ಹಾಕಿದೆ.

ಅವರು ಬಂದ ದಿನ ಎರಡು ಸಲ ಸ್ಟೇಷನ್ನಿಗೂ ಮನೆಗೂ ಓಡಾಡಿ ಕೊನೆಗೆ ಪ್ಲಾಟ್‌ಫಾರ್ಮಿನಲ್ಲೇ ನಿಂತೆ. ಗಾಡಿ ಬಂತು. ಮೊದಲು ಮಾವನವರು ಇಳಿದರು, ಆಮೇಲೆ ಬಣ್ಣದ ತೊಟ್ಟಿಲು, ಆಮೇಲೆ ಕೂಸನ್ನು ಎತ್ತಿಕೊಂಡು ಅವಳು. ಮನೆಗೆ ಬಂದೆವು. ಶರಣಮ್ಮ ನಡುಮನೆಯಲ್ಲಿ ನಿಂತು ತಲೆಯೆತ್ತಿ ನೋಡಿದಳು. ಮಾವನವರೂ ನೋಡಿದರು. ಅವರ ಕೈಯಲ್ಲಿ ತೊಟ್ಟಿಲಿನ ಹಗ್ಗ ಇತ್ತು. ತೂಗುಹಾಕಲು ಆ ಮನೆಯಲ್ಲಿ ಆ ಎರಡು ಕೊಂಡಿಗಳನ್ನು ಬಿಟ್ಟರೆ ಬೇರೆ ಜಾಗ ಇರಲಿಲ್ಲ.

ಯಾರೂ ನಗಲಿಲ್ಲ, ಅದೇ ಅವರ ದೊಡ್ಡತನ. ಮಾವನವರು ಕಾಲು ತೊಳೆಯುವ ನೆವ ಮಾಡಿ ಹಿತ್ತಲಿಗೆ ಹೋದರು. ನಾನು ಸ್ಟೂಲಿನ ಮೇಲೆ ಅಲುಗಾಡುತ್ತ ನಿಂತು ಒಂದೊಂದೇ ಉಪಕರಣ ತೆಗೆದು ಕೆಳಗೆ ಕೊಟ್ಟೆ. ಅವಳು ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದರಿಂದ ಇಸಿದುಕೊಂಡು ನೆಲದ ಮೇಲೆ ಇಟ್ಟಳು. ಇವುಗಳನ್ನು ಇನ್ನೆಲ್ಲಿಡುವುದೆಂದು ನಾನು ಅಳುಮೋರೆಯಲ್ಲಿ ಕೇಳಿದೆ.

"ಕೆಳಗೇ ಇರ್ಲಿ ಬಿಡ್ರಿ. ಅಕಿ ಹರದಾಡಲಿಕ್ಕತ್ತಿದ ಮ್ಯಾಲ ನೋಡಮು."

ನನಗೆ ಸಿಟ್ಟೇ ಬಂತು. ಇಷ್ಟೇ ಆಗಿದ್ದರೆ ಎರಡು ತಿಂಗಳು ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವಳು ಕೂಸಿನ ತಲೆಯ ಕುಲಾಯಿ ಸರಿ ಮಾಡುತ್ತ, ನನ್ನ ಕಡೆ ನೋಡದೆ ಹೇಳಿದಳು.

"ನೀವು ಬಾ ಅಂದಿದ್ರ ಅವತ್ತೇ ಬರ್ತಿದ್ದೆ. ಬಂದಾಗೊಮ್ಮಿ ಸ್ಟ್ಯಾಂಡಿಂದೇ ಹೇಳಿದ್ರಿ. ಬಾ ಅಂತ ಒಂದಿನಾನೂ ಅನಲಿಲ್ಲ."

ಸ್ಟೂಲಿನ ಮೇಲೆ ನಿಂತೇ ಇದ್ದೆ, ಇಳಿಯುವುದು ಮರೆತುಹೋಗಿತ್ತು. ಅಷ್ಟೂ ಪ್ರಯಾಣದಲ್ಲಿ, ಅಷ್ಟೂ ಗೆರೆಗಳಲ್ಲಿ, ನಾನು ಹೇಳಿದ್ದು ಅದೊಂದೇ ಮಾತು ಎಂದು ಎಣಿಸಿದ್ದೆ. ಅವಳಿಗೆ ತಲುಪಿದ್ದು ಮಾತ್ರ ಗರಗಸದ ಅಳತೆ.

ಈಗ ಅವಳು ತವರಿಗೆ ಹೊರಟರೆ, ಎರಡೇ ದಿನಕ್ಕಾದರೂ ಸರಿ, ರೈಲಿನ ಕಿಟಕಿಗೆ ಕೈಯಿಟ್ಟುಕೊಂಡು, ಗಾರ್ಡ್ ಸೀಟಿ ಊದುವ ಮೊದಲೇ, ಹತ್ತು ಜನರಿಗೆ ಕೇಳುವ ಹಾಗೆ "ಲಗೂನ ಬಾ" ಅಂದುಬಿಡುತ್ತೇನೆ. ಅವಳು ಸೆರಗು ಬಾಯಿಗೆ ಹಿಡಿದು ಅನ್ನುತ್ತಾಳೆ, "ಇನ್ನಾ ಹೋಗೇ ಇಲ್ರಿ."